ಗಲ್ಲಕ್ಕೆ ಬಿದ್ದ ಪೆಟ್ಟು

ಬನಹಟ್ಟಿ ಕಡೆಯ ಆಸ್ಪತ್ರೆಯೊಂದರಿಂದ ಕೆಂಪು ಚೀಟಿ ಬಂದಾಗ ಡಾಕ್ಟರ್ ತಾರಿಣಿ ತಿಂಡಿ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ಉಪ್ಪಿಟ್ಟು ಆರಿಹೋಗುತ್ತದೆಂದು ಗೊತ್ತಿದ್ದರೂ ಮುಚ್ಚಳವನ್ನು ಮತ್ತೆ ಹಾಕಿದಳು. ಕೆಂಪು ಚೀಟಿ ಕಂಡರೆ ಅವಳ ಹಸಿವು ಸತ್ತೇ ಹೋಗುತ್ತಿತ್ತು.

ಚೀಟಿ ಎಂದರೆ ಕಾಗದವಲ್ಲ, ಪರದೆಯ ಅಂಚಿನಲ್ಲಿ ಹೊತ್ತಿಕೊಳ್ಳುವ ಒಂದು ಚೌಕ. ಮೈಸೂರಿನ ಆ ಕೋಣೆಗೆ ರಾಜ್ಯದ ನೂರಾ ಹತ್ತು ಆಸ್ಪತ್ರೆಗಳಿಂದ ಮುರಿದ ಮುಖಗಳ ಚಿತ್ರಗಳು ಬಂದು ಬೀಳುತ್ತಿದ್ದವು. ಬೈಕಿನಿಂದ ಬಿದ್ದವರು, ಕ್ರಿಕೆಟ್ ಚೆಂಡು ತಾಗಿದವರು, ಎಮ್ಮೆಯಿಂದ ಒದೆಸಿಕೊಂಡವರು, ಮೆಟ್ಟಿಲಿನಿಂದ ಉರುಳಿದವರು. ಅವರಲ್ಲಿ ನಿಜವಾಗಿ ಉರುಳಿದವರು ಯಾರು, ಯಾರದೋ ಕೈಯಿಂದ ಪೆಟ್ಟು ತಿಂದು ಉರುಳಿದೆವೆಂದು ಹೇಳುವವರು ಯಾರು ಎಂದು ಹೇಳುವ ಯಂತ್ರವೇ 'ಸಾಕ್ಷಿ'. ಅದು ಬಂದು ಆರು ವರ್ಷವಾಗಿತ್ತು. ಅದನ್ನು ಹೊತ್ತು ಹೆತ್ತವಳು ತಾರಿಣಿ.

ಅದರ ಕೆಲಸ ತಿಳಿಯುವುದು ಕಷ್ಟವೇನಲ್ಲ. ಎಲುಬು ಮುರಿದಾಗ ಕಣ್ಣಿಗೆ ಕಾಣುವ ಬಿರುಕಿನ ಸುತ್ತ ಕೂದಲಿಗಿಂತ ಸಣ್ಣ ಬಿರುಕುಗಳು ಸಾವಿರ ಕವಲೊಡೆಯುತ್ತವೆ. ಆ ಕವಲುಗಳ ದಿಕ್ಕು ನೋಡಿ, ಪೆಟ್ಟು ಎಲ್ಲಿಂದ ಬಂತು, ಎಷ್ಟು ಜೋರಾಗಿ ಬಂತು, ಎಷ್ಟು ಅಗಲದ ವಸ್ತು ತಾಗಿತು ಎಂದು ಸಾಕ್ಷಿ ಲೆಕ್ಕ ಹಾಕುತ್ತದೆ. ಕೆಳದವಡೆ ಅರ್ಧ ಬಳೆಯ ಹಾಗೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆಯೂ ಮುರಿಯುತ್ತದೆ. ಬೋರಲು ಬಿದ್ದು ತುಟಿಯ ಕೆಳಗಿನ ಗಲ್ಲ ನೆಲಕ್ಕೆ ಬಡಿದರೆ ಕಿವಿಗಳ ಮುಂದಿನ ಎರಡು ಕೀಲುಗಳೂ ಮುರಿಯುತ್ತವೆ. ಪಕ್ಕದಿಂದ ಏಟು ಬಿದ್ದರೆ ಬಿದ್ದ ಜಾಗ ಮುರಿದು, ಎದುರುಬದಿಯ ಕೀಲೂ ಹೋಗುತ್ತದೆ. ಇನ್ನು ಗಾಯಗೊಂಡವರು ಮೊದಲ ಒಂದು ಗಂಟೆಯೊಳಗೆ, ಜೊತೆಯಲ್ಲಿ ಯಾರೂ ಇಲ್ಲದಾಗ ಕೊಟ್ಟ ಹೇಳಿಕೆಯನ್ನು ಯಂತ್ರ ಕೇಳಿಸಿಕೊಳ್ಳುತ್ತದೆ. ಎಲುಬಿನ ಮಾತೂ ಬಾಯಿಯ ಮಾತೂ ಹೊಂದಿದರೆ ಹಸಿರು, ಹೊಂದದಿದ್ದರೆ ಕೆಂಪು.

ಕೆಂಪು ಬಿದ್ದರೆ ಜೊತೆಗೆ ಬಂದ ಗಂಡಸನ್ನು ಪೊಲೀಸರು ಕರೆದೊಯ್ಯುತ್ತಾರೆ. ಗಾಯಗೊಂಡವಳು ರಕ್ಷಣಾ ಕೋಣೆಗೆ ಹೋಗುತ್ತಾಳೆ. ಆಮೇಲೆ ಅವಳು ಏನು ಹೇಳಿದರೂ ಅದು ಭಯದಿಂದ ಹೇಳಿದ್ದೆಂದೇ ಲೆಕ್ಕ. ಈ ಕಟ್ಟಳೆಯನ್ನೂ ಹಟ ಹಿಡಿದು ಬರೆಸಿದವಳು ತಾರಿಣಿಯೇ.

ಅವಳನ್ನು ದೂರುವ ಮುಂಚೆ ಪುಟ್ಟತಾಯಿಯ ವಿಷಯ ತಿಳಿದಿರಬೇಕು. ಹನ್ನೆರಡು ವರ್ಷದ ಹಿಂದೆ, ತಾರಿಣಿ ಇನ್ನೂ ಶಸ್ತ್ರಚಿಕಿತ್ಸೆ ಮಾಡುತ್ತಿದ್ದಾಗ, ಪುಟ್ಟತಾಯಿ ಎಂಬಾಕೆ ಮುರಿದ ದವಡೆ ಹಿಡಿದುಕೊಂಡು ಬಂದಳು. ಬಚ್ಚಲಲ್ಲಿ ಜಾರಿಬಿದ್ದೆ ಅಂದಳು. ತಾರಿಣಿ ಎಲುಬಿಗೆ ಲೋಹದ ಪಟ್ಟಿ ಕೂರಿಸಿ, ತಿರುಪು ಹಾಕಿ, ಮೇಲಿನ ಹಲ್ಲು ಕೆಳಗಿನ ಹಲ್ಲು ಸೇರಿಸಿ ತಂತಿ ಕಟ್ಟಿ, ಒಂದು ತಿಂಗಳು ಗಂಜಿ ಕುಡಿಯಲು ಹೇಳಿ ಕಳಿಸಿದಳು. ಮರುವರ್ಷ ಬಂದಳು, ಹಸು ಒದೆಯಿತಂತೆ. ಮತ್ತೆ ಪಟ್ಟಿ, ಮತ್ತೆ ತಂತಿ. ಮೂರನೆಯ ಸಲ ಅವಳನ್ನು ಬೇರೆಯವರು ಹೊತ್ತು ತಂದರು, ಏನೂ ಹೇಳಲಿಲ್ಲ, ಹೇಳುವ ಸ್ಥಿತಿಯಲ್ಲೇ ಇರಲಿಲ್ಲ. ತಾನು ಎರಡು ಸಲ ರಿಪೇರಿ ಮಾಡಿ ಗಂಡನ ಅದೇ ಕೈಗೆ ವಾಪಸು ಕೊಟ್ಟೆನಲ್ಲ ಎಂಬ ಸಂಕಟ ತಾರಿಣಿಯನ್ನು ಬಿಡಲಿಲ್ಲ. ಅಂದಿನಿಂದ ಯಾರ ಮಾತನ್ನೂ ಮಾತಿನ ಮೇಲೆ ನಂಬಿದವಳಲ್ಲ.

ಈಗ ಪರದೆಯ ಮೇಲಿದ್ದವಳು ಮಹಾನಂದಾ, ಮೂವತ್ತಾರು ವರ್ಷ, ನೇಕಾರಳು. ಎಡಗೆನ್ನೆಯ ಎಲುಬು ಬಿರುಕು ಬಿಟ್ಟಿತ್ತು, ಅದರ ಕೆಳಗೆ ಎಡದವಡೆ ಮುರಿದಿತ್ತು, ಬಲಗಿವಿಯ ಮುಂದಿನ ಕೀಲೂ ಹೋಗಿತ್ತು. ತಾರಿಣಿ ಅವಳ ಹೇಳಿಕೆ ಹಾಕಿ ಕೇಳಿದಳು.

"ಮಗ್ಗ ನಡಸಾಕತ್ತಿದ್ದೆ ರೀ. ಲಾಳಿ ಹಾರಿ ಬಂದು ಗಲ್ಲಕ್ಕ ಬಡೀತ್ರಿ. ನಮ್ಮನಿಯವರು ಅಲ್ಲೇ ಇದ್ರು. ಅವರೇ ಎತಗೊಂಡು ಬಂದ್ರು."

ಮಗ್ಗದಲ್ಲಿ ನೂಲು ಹೊತ್ತು ಅತ್ತಿತ್ತ ಓಡುವ ಮರದ ಲಾಳಿ, ಅದರ ಮೂತಿಗೆ ಕಬ್ಬಿಣದ ಟೋಪಿ. ಹಾರಿದರೆ ಪೆಟ್ಟಾಗುವುದು ನಿಜ. ಆದರೆ ಗಲ್ಲಕ್ಕೆ ಬಡಿದಿದ್ದರೆ ಗಲ್ಲದಲ್ಲಿ ಒಂದು ಗೀರಾದರೂ ಬೇಡವೇ? ಗಲ್ಲ ಹೊಸ ಬಟ್ಟಲಿನಂತೆ ನುಣ್ಣಗಿತ್ತು. ಎಲುಬಿನ ಲೆಕ್ಕ ಕೆಳಗೆ ಬಂತು: 'ಪೆಟ್ಟು ಎಡಪಕ್ಕದಿಂದ. ಬಲಗೈ ಮುಷ್ಟಿಯ ಗೆಣ್ಣು, ಅಥವಾ ಅಷ್ಟೇ ಅಗಲದ ಗಟ್ಟಿ ವಸ್ತು. ಹೇಳಿಕೆ ಹೊಂದುವುದಿಲ್ಲ.' ತಾರಿಣಿಯ ಕಣ್ಣು ಗೆಣ್ಣಿನ ತನಕ ಓದಿ ಅಲ್ಲೇ ನಿಂತಿತು.

"ನಮ್ಮನಿಯವರು ಅಲ್ಲೇ ಇದ್ರು," ಎಂದು ಅವಳು ತನ್ನಷ್ಟಕ್ಕೇ ಹೇಳಿಕೊಂಡಳು. "ಇರದೇ ಎಲ್ಲಿಗೆ ಹೋಗ್ತಾನೆ."

ಆಸ್ಪತ್ರೆಯ ಡಾಕ್ಟರ್ ಮಲಘಾಣ ಅರ್ಧ ಗಂಟೆಯಲ್ಲಿ ಪರದೆಯ ಮೇಲೆ ಬಂದರು. ಮುಖದ ಎಲುಬಿನ ಕೆಲಸದಲ್ಲಿ ಪಳಗಿದ ಕೈ, ಆದರೆ ಮೆತ್ತನೆಯ ಮನುಷ್ಯ.

"ಮೇಡಂ, ಕೆಂಪು ಯಾಕ ಬಂತ್ರಿ?"

"ಕಾರಣ ಹೇಳೋ ಹಾಗಿಲ್ಲ ಅಂತ ನಿಮಗೆ ಗೊತ್ತಲ್ಲ ಡಾಕ್ಟ್ರೇ. ಹೇಳಿದರೆ ಪೇಷೆಂಟಿಗೆ ಪಾಠ ಹೇಳಿಕೊಡೋರು ಹುಟ್ಟಿಕೊಳ್ತಾರೆ."

"ಆ ಹೆಣ್ಮಗಳು ಸುಳ್ಳು ಹೇಳಾಕತ್ತಿಲ್ಲ ಅನಸ್ತೈತ್ರಿ ನನಗ."

"ಗಂಡ ನಿಮಗೆ ಪರಿಚಯವಾ?"

ಮಲಘಾಣ ಒಂದು ಕ್ಷಣ ತಡೆದರು. "ಊರು ಅಂದ ಮ್ಯಾಲ ಪರಿಚಯ ಇದ್ದs ಇರತಾರ್ರಿ."

ತಾರಿಣಿ ಅದನ್ನೂ ಬರೆದುಕೊಂಡಳು. ಡಾಕ್ಟರ ಹೆಸರಿನ ಮುಂದೆ ಒಂದು ಸಣ್ಣ ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಆ ಮಧ್ಯಾಹ್ನವೇ ಗಂಡ ಶ್ರೀಶೈಲನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು.

ಮನೆಗೆ ಬಂದರೂ ತಾರಿಣಿಯ ಕಣ್ಣು ಸುಮ್ಮನಿರುವ ಕಣ್ಣಲ್ಲ. ಸೊಸೆ ದಾನೇಶ್ವರಿ ಏಳು ತಿಂಗಳ ಬಸುರಿ, ಮುಧೋಳದ ಹುಡುಗಿ. ಕಾಫಿ ಲೋಟ ಕೊಡುವಾಗ ಅವಳ ಮೊಣಕೈ ಹತ್ತಿರ ನೀಲಿ ಕಲೆ ಕಂಡಿತು.

"ಇದೇನಮ್ಮ?"

"ಬೀರು ಬಾಗಿಲು ತಾಗಿತು ಅತ್ತೆ." ಸೊಸೆ ಅತ್ತೆಯ ಜೊತೆ ಮಾತಾಡುವಾಗ ಶಾಲೆಯ ಕನ್ನಡವನ್ನೇ ಬಳಸುತ್ತಿದ್ದಳು.

"ಯಾವ ಬೀರು?" ಎಂದು ಕೇಳಿ ತಾರಿಣಿ ಎದ್ದು ಹೋಗಿ ಬೀರುವಿನ ಬಾಗಿಲಿನ ಎತ್ತರ ಅಳೆದು ಬಂದಳು. ಎತ್ತರ ಸರಿಹೋಯಿತು. ಆದರೂ ಊಟದ ಹೊತ್ತಿನಲ್ಲಿ ಮಗ ಸುಧನ್ವನ ಬಲಗೈಯನ್ನೇ ನೋಡುತ್ತಿದ್ದಳು. ಅವನು ಅನ್ನ ಕಲಸುವುದು ಬಿಟ್ಟು, "ಅಮ್ಮಾ, ನನ್ನ ಹೆಸರಿಗೂ ಒಂದು ಚೀಟಿ ಹರಿದುಬಿಡು, ನೆಮ್ಮದಿಯಾಗಿ ಉಣ್ತೀನಿ," ಅಂದ. ಸೊಸೆ ನಕ್ಕಳು. ತಾರಿಣಿಗೆ ನಗು ಬರಲಿಲ್ಲ.

ಬನಹಟ್ಟಿಯಿಂದ ದಿನಕ್ಕೊಂದು ವರದಿ ಬರತೊಡಗಿತು. ಮಹಾನಂದಾಳ ಮುಖ ಊದಿ ಮಾತು ನಿಂತಿತ್ತು. ದವಡೆ ಅಲುಗದಂತೆ ಹಲ್ಲುಗಳಿಗೆ ತಾತ್ಕಾಲಿಕವಾಗಿ ತಂತಿ ಬಿಗಿದಿದ್ದರು. ಮುರಿದ ತುದಿಗಳನ್ನು ಸರಿಯಾಗಿ ಕೂಡಿಸಿ ಪಟ್ಟಿ ಹಾಕುವ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಅವಳು ಸಹಿ ಹಾಕಲು ಒಪ್ಪಲಿಲ್ಲ. ರಕ್ಷಣಾ ಕೋಣೆಯ ಸಲಹೆಗಾರ್ತಿ ದಿನಾ ಬೆಳಗ್ಗೆ ಅವಳ ಪಕ್ಕ ಕೂತು, ಗಂಡಂದಿರ ಕೈಯಿಂದ ಮುಖ ಮುರಿಸಿಕೊಂಡ ಹೆಂಗಸರ ವಿಡಿಯೊಗಳನ್ನು ತೋರಿಸಿ, "ಹೆದರಬೇಡವ್ವ, ನಿಜ ಹೇಳು," ಎನ್ನುತ್ತಿದ್ದಳು. ಆ ವಿಡಿಯೊಗಳನ್ನು ಆರಿಸಿದವಳೂ ತಾರಿಣಿಯೇ. ಮಹಾನಂದಾ ಪಾಟಿಯ ಮೇಲೆ ದಿನಾ ಒಂದೇ ಸಾಲು ಬರೆಯುತ್ತಿದ್ದಳು: 'ಅವರು ಹೊಡದಿಲ್ಲ. ಅವರು ಬರೂತನಾ ನಾ ಸಹಿ ಮಾಡೂದಿಲ್ಲ.'

ಸಲಹೆಗಾರ್ತಿ ಅದರ ಕೆಳಗೆ, 'ತೀವ್ರ ಭಯ' ಎಂದು ಬರೆದು ಕಳಿಸುತ್ತಿದ್ದಳು. ತಾರಿಣಿಯೂ ಹಾಗೇ ಓದಿಕೊಳ್ಳುತ್ತಿದ್ದಳು. ಪುಟ್ಟತಾಯಿ ಕೂಡ ಗಂಡನ ಪರವಾಗಿಯೇ ಮಾತಾಡಿದ್ದಳಲ್ಲವೇ?

ಏಳನೆಯ ದಿನ ಮಲಘಾಣರ ದನಿ ಮೆತ್ತಗಿರಲಿಲ್ಲ. "ಮೇಡಂ, ಹತ್ತು ದಿನ ದಾಟಿದ್ರ ಎಲುಬು ಸೊಟ್ಟಗs ಕೂಡಕೋತೈತಿ. ಆಮ್ಯಾಲ ನಾ ಮತ್ತ ಅದನ್ನ ಮುರಿದು ಕೂಡಸಬೇಕು. ಕೀಲು ಬಿಗೀತಂದ್ರ ಆಕಿ ಬಾಯಿ ಜೀವಮಾನಪೂರ್ತಿ ಸರಿಯಾಗಿ ತೆಗೆಯೂದಿಲ್ಲ. ಗಂಡನ್ನ ಒಂದು ತಾಸು ತಂದು ತೋರಸ್ರಿ, ಸಾಕು, ಸಹಿ ಮಾಡ್ತಾಳ."

"ಅವನನ್ನ ನೋಡಿದ ಕೂಡಲೇ ಇನ್ನೂ ಹೆದರ್ತಾಳೆ."

"ಆಕಿ ಹೆದರಿಲ್ರಿ. ಆಕಿಗೆ ಸಿಟ್ಟು ಬಂದೈತಿ."

ಭಯವೂ ಸಿಟ್ಟೂ ದೂರದಿಂದ ಒಂದೇ ತರ ಕಾಣುತ್ತವೆಂದು ತಾರಿಣಿ ಉತ್ತರ ಕೊಟ್ಟಳು. ಮಾತು ಮುಗಿಸಿದ ಮೇಲೆ ಮನಸ್ಸಿಗೇನೋ ಇರುಸುಮುರುಸಾಯಿತು. ಆದರೆ ಸಂದೇಹ ಬಂದದ್ದು ತನ್ನ ಮೇಲಲ್ಲ, ಮಲಘಾಣರ ಮೇಲೆ. ಇಷ್ಟು ವಕಾಲತ್ತು ಯಾಕೆ ವಹಿಸುತ್ತಿದ್ದಾರೆ?

ಮರುದಿನ ದಾನೇಶ್ವರಿಯ ಕುಬಸ, ಮೈಸೂರಿನವರು ಸೀಮಂತ ಎನ್ನುವುದು. ಮುಧೋಳದಿಂದ ಬೀಗಿತ್ತಿ ನೀಲವ್ವ ತಂಗಿಯರಿಬ್ಬರನ್ನು ಕಟ್ಟಿಕೊಂಡು, ಹಸಿರು ಸೀರೆ, ಸಜ್ಜಿ ರೊಟ್ಟಿ, ಐದು ತರದ ಪಲ್ಯ, ಬುಟ್ಟಿ ತುಂಬ ಹೋಳಿಗೆ ಹೊತ್ತು ಬಂದಿದ್ದರು. ಹೆಣ್ಣು ಕೊಟ್ಟು ಒಂದೂವರೆ ವರ್ಷವಾಗಿದ್ದರೂ ಬೀಗಿತ್ತಿಯರ ನಡುವೆ ಇನ್ನೂ ಬಿಗುಮಾನವಿತ್ತು. ನೀಲವ್ವನಿಗೆ ಮೈಸೂರಿನ ಅಡುಗೆಯಲ್ಲಿ ಖಾರ ಸಾಲದು, ತಾರಿಣಿಗೆ ನೀಲವ್ವನ ದನಿ ತುಸು ಜೋರು.

ಸೊಸೆಯನ್ನು ಮಣೆಯ ಮೇಲೆ ಕೂರಿಸಿದರು. ಹಸಿರು ಬಳೆ ತೊಡಿಸಿದರು. ನೀಲವ್ವ ಅರಿಸಿನದ ಬಟ್ಟಲನ್ನು ತಾರಿಣಿಯ ಮುಂದೆ ಚಾಚಿದರು.

"ಬೀಗರ, ಮೊದಲ ನೀವು ಹಚ್ರಿ. ಗಲ್ಲಕ್ಕ ಅರಿಷಿಣ ಹಚ್ರಿ."

ತಾರಿಣಿ ಎರಡು ಬೆರಳಲ್ಲಿ ಅರಿಸಿನ ತೆಗೆದು ಸೊಸೆಯ ತುಟಿಯ ಕೆಳಗೆ, ಗಲ್ಲದ ತುದಿಗೆ, ಗೋಪಿಚಂದನ ಇಟ್ಟ ಹಾಗೆ ನೀಟಾಗಿ ಹಚ್ಚಿದಳು. ನೀಲವ್ವನ ತಂಗಿಯರು ಬಿದ್ದು ಬಿದ್ದು ನಕ್ಕರು.

"ಅಯ್ಯ, ಅದು ಗದ್ದ ಅಲ್ರೀ! ಗದ್ದಕ್ಕ ಯಾರರ ಅರಿಷಿಣ ಹಚ್ಚತಾರೇನು? ಹೋತದ ಗಡ್ಡ ಆತು ನೋಡ್ರಿ." ನೀಲವ್ವ ಮಗಳ ಎರಡೂ ಕೆನ್ನೆಗಳನ್ನು ತಟ್ಟಿ ತೋರಿಸಿದರು. "ಇವು ಗಲ್ಲ. ಇದೊಂದು, ಇದೊಂದು."

"ಅದು ಕೆನ್ನೆ ಅಲ್ವಾ?" ಅಂದಳು ತಾರಿಣಿ.

"ಕೆನ್ನೆ ಅಂತ ಪುಸ್ತಕದಾಗ ಬರೀತಾರ್ರಿ. ನಮ್ಮ ಕಡೆ ಬಾಯಾಗ ಗಲ್ಲನs. ಗಲ್ಲಕ್ಕ ಮುದ್ದು ಕೊಡು ಅಂತೀವಿ, ಗಲ್ಲಕ್ಕ ಎರಡು ಬಿಡತೀನಿ ನೋಡು ಅಂತೀವಿ."

ತಾರಿಣಿ ಅರಿಸಿನದ ಬೆರಳನ್ನು ಗಾಳಿಯಲ್ಲೇ ಹಿಡಿದುಕೊಂಡು ನಿಂತಳು. ಬೀಗಿತ್ತಿಗೆ ಬೇಜಾರಾಯಿತೇನೋ ಎಂದು ನೀಲವ್ವ ಗಾಬರಿಯಾದರು. "ತಮಾಷಿ ಮಾಡಿದೆ ಬೀಗರ, ಮನಸಿಗೆ ಹಚ್ಚಕೋಬ್ಯಾಡ್ರಿ," ಎಂದರು. ತಾರಿಣಿಗೆ ಅದು ಕೇಳಿಸಲೇ ಇಲ್ಲ.

ಸಾಕ್ಷಿಗೆ ಮುಖದ ನಕ್ಷೆ ಕಲಿಸಿದ ದಿನ ಅವಳಿಗೆ ನೆನಪಾಯಿತು. ಕನ್ನಡಿಯ ಮುಂದೆ ಕೂತು, ತನ್ನದೇ ಮುಖದ ಮೇಲೆ ಬೆರಳಿಡುತ್ತಾ ಒಂದೊಂದೇ ಹೆಸರು ಹೇಳಿದ್ದಳು. ಹಣೆ, ಹುಬ್ಬು, ಕೆನ್ನೆ, ದವಡೆ. ತುಟಿಯ ಕೆಳಗೆ ಬೆರಳಿಟ್ಟು, ಗಲ್ಲ ಅಂದಿದ್ದಳು. ಮೈಸೂರಿನಲ್ಲಿ ಹುಟ್ಟಿ ಬೆಳೆದವಳಿಗೆ ಅದಕ್ಕೆ ಬೇರೆ ಅರ್ಥ ಇರಬಹುದೆಂದು ಹೊಳೆದೇ ಇರಲಿಲ್ಲ. ಮಲಘಾಣರಿಗೆ ಕಾರಣ ತೋರಿಸಿದ್ದರೆ ಅವರು ಒಂದು ನಿಮಿಷದಲ್ಲಿ ಹಿಡಿಯುತ್ತಿದ್ದರು. ಯಾರಿಗೂ ತೋರಿಸಬಾರದೆಂದು ಕಟ್ಟಿಹಾಕಿದ್ದೂ ತಾನೇ.

ಅರಿಸಿನದ ಕೈಯಲ್ಲೇ ಫೋನ್ ಹಿಡಿದು ಹಿತ್ತಲಿಗೆ ಓಡಿದಳು.

"ಡಾಕ್ಟ್ರೇ, ಆಕೆಯನ್ನ ಒಂದೇ ಒಂದು ಕೇಳಿ. ಪೆಟ್ಟು ಎಲ್ಲಿ ಬಿತ್ತು ಅಂತ ಬೆರಳಿಟ್ಟು ತೋರಿಸಲಿ. ಬೇರೆ ಏನೂ ಹೇಳಬೇಡಿ."

ಮಲಘಾಣರು ವಾರ್ಡಿಗೆ ನಡೆದು ಹೋದ ಸದ್ದು ಕೇಳಿಸಿತು. ಬಾಗಿಲು ತೆರೆದ ಸದ್ದು. ಅವರು ಮತ್ತೆ ಮಾತಾಡಿದಾಗ ದನಿ ಒರಟಾಗಿತ್ತು. "ಎಡಗಲ್ಲಕ್ಕ ಬೆರಳಿಟ್ಟಾಳ್ರಿ. ಎಲುಬು ಬಿರಿದೈತಲ್ಲ, ಬರೋಬ್ಬರಿ ಅದರ ಮ್ಯಾಲ. ಯಾಕ್ರಿ ಮೇಡಂ?"

ತಾರಿಣಿ ವಿಷಯ ಹೇಳಿದಳು. ಮಲಘಾಣರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಅದೇ ಮಧ್ಯಾಹ್ನ ತಾರಿಣಿ ತನ್ನ ಕೋಣೆಗೆ ಹೋಗಿ ಆ ಪದದ ಅರ್ಥ ತಿದ್ದಿ, ಮಹಾನಂದಾಳ ಹೇಳಿಕೆಯನ್ನು ಮತ್ತೆ ಯಂತ್ರಕ್ಕೆ ಹಾಕಿದಳು. ಲಾಳಿಯ ಮೂತಿಯ ಅಳತೆಯನ್ನೂ ತರಿಸಿ ಕೊಟ್ಟಳು. ಕೆಂಪು ಹೋಗಿ ಹಸಿರಾಯಿತು. ಅಷ್ಟಕ್ಕೆ ಮುಗಿಯಲಿಲ್ಲ, ಕೆಂಪನ್ನು ಹಸಿರೆಂದು ಒಪ್ಪಬೇಕಾದದ್ದು ಸಾಕ್ಷಿಯ ಉಸ್ತುವಾರಿ ಸಮಿತಿ. ಅದರ ಅಧ್ಯಕ್ಷರು ನಿವೃತ್ತ ಅಧಿಕಾರಿ, ತಾರಿಣಿಯದೇ ಕಟ್ಟಳೆಯನ್ನು ಅವಳಿಗೇ ಓದಿ ಹೇಳಿದರು.

"ಮೊದಲ ಹೇಳಿಕೆಯ ನಂತರ ಯಾವ ವಿವರಣೆಯನ್ನೂ ಪರಿಗಣಿಸುವಂತಿಲ್ಲ ಅಂತ ನೀವೇ ಬರೆದಿದ್ದೀರಿ ಡಾಕ್ಟರ್. ಇವತ್ತು ಗಲ್ಲ ಅಂತೀರಿ, ನಾಳೆ ಪ್ರತಿಯೊಬ್ಬ ಗಂಡನೂ ಒಂದೊಂದು ಪದ ಹಿಡಿದುಕೊಂಡು ಬರ್ತಾನೆ."

"ಆಕೆ ಮೊದಲ ಹೇಳಿಕೆ ಬದಲಿಸಿಲ್ಲ ಸರ್. ನಾವು ಕೇಳಿಸಿಕೊಂಡದ್ದು ತಪ್ಪು."

"ಅಥವಾ ನಿಮಗೆ ಯಾರೋ ಒತ್ತಡ ಹಾಕಿದ್ದಾರೆ," ಎಂದರು ಅವರು, ಅವಳ ಕಣ್ಣನ್ನೇ ನೋಡುತ್ತಾ.

ಆರು ವರ್ಷದಿಂದ ತಾನು ಜನರನ್ನು ನೋಡಿದ ನೋಟ ಅದೇ ಎಂದು ತಾರಿಣಿಗೆ ಗೊತ್ತಾಯಿತು. ಇಲ್ಲ ಎಂದಷ್ಟೂ ಸಂದೇಹ ಹೆಚ್ಚುವ ನೋಟ ಅದು. ಹಳೆಯ ದಾಖಲೆಗಳನ್ನೆಲ್ಲ ತೆಗೆದು ಅವರ ಮುಂದಿಟ್ಟಳು. ಉತ್ತರದ ಜಿಲ್ಲೆಗಳ ಹೇಳಿಕೆಗಳಲ್ಲಿ ಅರವತ್ತೊಂದು ಕಡೆ ಆ ಪದವಿತ್ತು. ಮೂವತ್ತೆಂಟು ಮನೆಗಳಿಗೆ ಸುಮ್ಮಸುಮ್ಮನೆ ಕೆಂಪು ಬಿದ್ದಿತ್ತು. ಅದಕ್ಕಿಂತ ಕೆಟ್ಟ ಸುದ್ದಿಯೂ ಇತ್ತು: ನಾಲ್ವರು ಹೆಂಗಸರು ಗಲ್ಲ ಎಂದು ಕೆನ್ನೆಯನ್ನೇ ಹೇಳಿದ್ದರು, ಅವರ ಕೆನ್ನೆಗೆ ಏನೂ ಆಗಿರಲಿಲ್ಲ, ಮುರಿದದ್ದು ತುಟಿಯ ಕೆಳಗೆ. ಹೇಳಿಕೆ ಹೊಂದಿತೆಂದು ಯಂತ್ರ ಅವರಿಗೆ ಹಸಿರು ಕೊಟ್ಟು ಮನೆಗೆ ಕಳಿಸಿತ್ತು. ಅಧ್ಯಕ್ಷರ ಮುಖ ಚಿಕ್ಕದಾಯಿತು. ಆ ನಾಲ್ವರ ಮನೆಗೆ ಅಂದೇ ಜನ ಹೋದರು. ಉಳಿದ ಕಡತಕ್ಕೆ ಸಹಿ ಬೀಳಲು ಇನ್ನೂ ಮೂರು ದಿನ ಬೇಕಾಯಿತು.

ಹನ್ನೆರಡನೆಯ ದಿನ ಶ್ರೀಶೈಲ ಆಸ್ಪತ್ರೆಗೆ ಬಂದ. ಮಹಾನಂದಾ ಪಾಟಿ ಕೆಳಗಿಟ್ಟು ಸಹಿ ಹಾಕಿದಳು. ಮಲಘಾಣರಿಗೆ ಸೊಟ್ಟಗೆ ಅಂಟಿಕೊಳ್ಳುತ್ತಿದ್ದ ಎಲುಬನ್ನು ಬಿಡಿಸಿ, ಮತ್ತೆ ಕೂಡಿಸಿ, ಪಟ್ಟಿ ಹಾಕಲು ಐದು ತಾಸು ಹಿಡಿಯಿತು.

ಎರಡು ತಿಂಗಳ ಮೇಲೆ ತಾರಿಣಿ ಬನಹಟ್ಟಿಗೆ ಹೋದಳು. ಹೋಗಲೇಬೇಕೆಂದು ಯಾರೂ ಹೇಳಿರಲಿಲ್ಲ. ಕ್ಷಮೆ ಕೇಳುವುದಕ್ಕೆಂದು ಹೊರಟಿದ್ದಳು. ಆದರೆ ದಾರಿಯುದ್ದಕ್ಕೂ ಒಳಗೊಂದು ಹುಳ ಕೊರೆಯುತ್ತಿತ್ತು. ಎಲುಬಿನ ಲೆಕ್ಕದಲ್ಲಿ ಗಟ್ಟಿ ವಸ್ತು ಎಂದೂ ಇತ್ತು, ಮುಷ್ಟಿ ಎಂದೂ ಇತ್ತು. ಪದ ತಿದ್ದಿದ ಮಾತ್ರಕ್ಕೆ ಮುಷ್ಟಿ ಅಳಿಸಿಹೋಗಿರಲಿಲ್ಲ. ಒಂದು ಸಲ ಕಣ್ಣಾರೆ ನೋಡಬೇಕು ಅನ್ನಿಸಿತ್ತು.

ಮನೆಯ ಮುಂದಿನ ಕೋಣೆಯಲ್ಲೇ ಮಗ್ಗ ಖಟಾಖಟಾ ಓಡುತ್ತಿತ್ತು. ಮಹಾನಂದಾ ಅದರ ಮುಂದೆ ನಿಂತಿದ್ದಳು. ಎಡಗೆನ್ನೆ ಚೂರು ಒಳಗೆ ಹೋಗಿತ್ತು, ಮಾತಾಡುವಾಗ ಬಾಯಿ ಬಲಕ್ಕೆ ಎಳೆಯುತ್ತಿತ್ತು. ತಾರಿಣಿ ಹೆಸರು ಹೇಳಿಕೊಂಡಳು. ಯಾರೆಂದು ತಿಳಿದರೂ ಮಹಾನಂದಾ ಕುರ್ಚಿ ಹಾಕಿದಳು, ನೀರು ಕೊಟ್ಟಳು.

"ಬಾಯಿ ಎಷ್ಟು ತೆಗೆಯೋಕಾಗುತ್ತಮ್ಮ?"

"ಎರಡು ಬೆರಳು ಹೋಗತಾವ್ರಿ. ರೊಟ್ಟಿ ಹಾಲಿನ್ಯಾಗ ನೆನಸಿ ತಿಂತೀನಿ. ಚಂದಾಗಿ ಆಕಳಿಸಾಕೂ ಬರೂದಿಲ್ಲ."

"ಆ ಪದ ಯಂತ್ರಕ್ಕೆ ಕಲಿಸಿದವಳು ನಾನೇ. ತಪ್ಪು ಪೂರ್ತಿ ನಂದು. ಯಾರ ಮೇಲೂ ಹಾಕಲ್ಲ."

ಆಗ ಒಳಗಿನಿಂದ ಶ್ರೀಶೈಲ ಚಹಾ ತಂದ. ಸಣಕಲು ಆಳು, ತಲೆ ಎತ್ತಿ ನೋಡದ ಸ್ವಭಾವ. ಅಷ್ಟರಲ್ಲಿ ಮಗ್ಗದಲ್ಲಿ ಎಳೆ ಹರಿಯಿತು. ಗುಂಡಿ ಒತ್ತಿ ಮಗ್ಗ ನಿಲ್ಲಿಸಲು ಅವನು ಹೆಂಡತಿಯ ಭುಜದ ಮೇಲಿಂದ ಬಲಗೈ ಚಾಚಿದ.

ಮಹಾನಂದಾ ಕಣ್ಣು ಮುಚ್ಚಿ, ಭುಜ ಎತ್ತಿ, ಮುಖವನ್ನು ಪಕ್ಕಕ್ಕೆ ಹೊರಳಿಸಿಬಿಟ್ಟಳು.

ಶ್ರೀಶೈಲನ ಕೈ ನಡುದಾರಿಯಲ್ಲಿ ನಿಂತಿತು. ಇದು ಮೊದಲ ಸಲವಲ್ಲ ಎಂಬಂತೆ ಅವನು ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ಮಗ್ಗವನ್ನು ಸುತ್ತಿಕೊಂಡು ಆ ಕಡೆಯಿಂದ ಹೋಗಿ ಗುಂಡಿ ಒತ್ತಿದ. ಸದ್ದು ನಿಂತಿತು. ತಾರಿಣಿಯ ಕಣ್ಣು ಅವನ ಬಲಗೈಯ ಗೆಣ್ಣುಗಳ ಮೇಲೆ ನೆಟ್ಟಿತ್ತು. ಹಾಗಾದರೆ, ಎಂದು ಅವಳ ಮನಸ್ಸು ಆಗಲೇ ಲೆಕ್ಕ ಶುರುಮಾಡಿತ್ತು.

"ಹಂಗ ನೋಡಬ್ಯಾಡ್ರಿ ಡಾಕ್ಟರ್," ಅಂದಳು ಮಹಾನಂದಾ.

ತಾರಿಣಿ ತಿರುಗಿದಳು.

"ಹದಿನಾಕು ವರ್ಷ ಸಂಸಾರ ಮಾಡೀನಿ, ಒಂದು ದಿನ ಇವರ ಕೈಗೆ ಹೆದರಿದಾಕಿ ಅಲ್ಲ ನಾ. ದಿನಾ ಮುಂಜಾನೆ ಆ ಪಿಚ್ಚರ್ ತೋರಿಸಿದ್ರಿ. ಹೊಡದಾನ, ಹೊಡದಾನ, ಹೇಳವ್ವ ಅಂತ ದಿನಾ ಕಿವ್ಯಾಗ ತುಂಬಿದ್ರಿ. ಇದು ಇವರು ಕಲಿಸಿದ್ದಲ್ಲ, ನೀವು ಕಲಿಸಿದ್ದು. ಎಲುಬಂತೂ ಕೂಡಿತು. ಇದನ್ನ ಹ್ಯಾಂಗ ಬಿಡಸ್ತೀರಿ, ಹೇಳ್ರಿ."

ಶ್ರೀಶೈಲ ಚಹಾದ ಕಪ್ಪನ್ನು ಹೆಂಡತಿಯ ಕೈಗೆ ಕೊಡಲಿಲ್ಲ. ಅವಳಿಗೆ ಎಟಕುವ ಹಾಗೆ ಮಗ್ಗದ ಕಟ್ಟಿನ ಮೇಲೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತ.